ಬಲಗಡೆಯ ಮುಂದಿನ ಬೋಲ್ಟು

ಓರಿನ್ ಆ ಬೋಲ್ಟಿಗೆ ಸ್ಪಾನರ್ ಹಾಕಿದ್ದು ಇದು ನಾಲ್ಕನೆಯ ಸಲ.

"ಸಾಕು ಬಿಡೋ," ಎಂದ ವರ್ನ್, ಶೆಡ್ಡಿನ ಬಾಗಿಲಿಗೆ ಒರಗಿ. ಹಿಮದ ಮೇಲೆ ಓಡುವ ಆ ಸ್ನೋಮೊಬೈಲ್ ಅವನದು. "ಇನ್ನೊಂದು ಸುತ್ತು ಬಿಗಿದ್ರೆ ಮುರಿದು ಕೈಗೇ ಬರುತ್ತೆ."

"ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಈಗ."

ಎಂಟು ವಾರದ ಹಿಂದೆ ಓರಿನ್‌ನ ಮಗ ಡೇನ್‌ನ ಗಾಡಿಯನ್ನು ಕಮರಿಯಿಂದ ಎಳೆದು ತಂದವನು ವರ್ನ್. ಡೇನ್‌ನನ್ನೂ.

ಬೆಟ್ಟ ಹತ್ತುವ ಗಾಡಿಗಳ ಸಸ್ಪೆನ್ಷನ್ ಬೋಲ್ಟುಗಳು ಸಡಿಲಾಗುವುದು ಹೊಸದೇನಲ್ಲ. ಏರು, ಎಗರಾಟ, ಎಡೆಬಿಡದ ಕುಲುಕು, ಕಬ್ಬಿಣವೂ ಸೋಲುತ್ತದೆ. ಅದಕ್ಕೇ ಓರಿನ್ ಒಂದೊಂದಕ್ಕೂ ಅಂಟು ಸವರಿ, ಬಿಗಿದು, ಮೇಲೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ. ಗೆರೆ ತುಂಡಾದರೆ ಬೋಲ್ಟು ತಿರುಗಿದೆ ಎಂದು ಲೆಕ್ಕ. ಇಪ್ಪತ್ತಾರು ಚಳಿಗಾಲ ಊರಿನವರು ಆ ಗೆರೆಯನ್ನು ನಂಬಿ ಬೆಟ್ಟ ಹತ್ತಿದ್ದರು.

ಮಗನ ಗಾಡಿಯಲ್ಲಿ ಮೂರು ಬೋಲ್ಟುಗಳ ಗೆರೆ ನೆಟ್ಟಗಿತ್ತು. ಬಲಗಡೆಯ ಮುಂದಿನ ಬೋಲ್ಟು ಮಾತ್ರ ಇರಲೇ ಇಲ್ಲ. ಅದು ಕಳಚಿದಲ್ಲೇ ಗಾಡಿ ಅಡ್ಡ ತಿರುಗಿ ಬಂಡೆಯಂಚಿನಿಂದ ಉರುಳಿತ್ತು.

ಹಿಂದಿನ ಸಂಜೆ ನಾಲ್ಕನ್ನೂ ಬಿಗಿದ ನೆನಪು ಓರಿನ್‌ಗಿತ್ತು. ವಾರಗಳು ಕಳೆದಂತೆ ನೆನಪಿನಲ್ಲಿ ನಾಲ್ಕು ಮೂರಾಯಿತು.

ಊರಿನಲ್ಲಿ ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ಬಂದವರೂ ಹೋಗುವ ಮುಂಚೆ ಬಗ್ಗಿ, ಬೋಲ್ಟನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು.

"ಇವತ್ತು ಊರ ಸಭೇಲಿ ಹೇಳ್ಬಿಡ್ತೀನಿ," ಎಂದ ಓರಿನ್. "ಶೆಡ್ಡಿನ ಬೀಗದ ಕೈ ನೀನೇ ಇಟ್ಕೋ."

"ಮಾರ್ಲಿಸ್‌ಗೆ ಗೊತ್ತಾ?"

"ಅವಳಿಗೆ ಮೊದಲೇ ಗೊತ್ತು."

ಹೆಂಡತಿಯ ಬಗ್ಗೆ ಅವನು ಹಾಗೆ ನಂಬಲು ಕಾರಣವಿತ್ತು. ಅಂದು ವರ್ನ್ ಬಾಗಿಲಲ್ಲಿ ಟೋಪಿ ತೆಗೆದು ನಿಂತು, "ಗಾಡಿ ಕೈಕೊಡ್ತು" ಎಂದಷ್ಟೇ ಹೇಳಿದ್ದ. ಮಾರ್ಲಿಸ್ ಅಳಲಿಲ್ಲ. "ಬೋಲ್ಟಾ?" ಎಂದಳು. ಆ ಒಂದು ಮಾತು ಓರಿನ್‌ನ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿತ್ತು. ಎಲ್ಲರಿಗಿಂತ ಮೊದಲು ತನ್ನನ್ನು ಅನುಮಾನಿಸಿದವಳು ಅವಳು. ಅಂದಿನಿಂದ ಒಂದು ಸಲವೂ ಬೈದಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮನೆಗೆ ಬಂದಾಗ ಅವಳು ಜಿಂಕೆ ಮಾಂಸದ ಸಾರು ಕುದಿಸುತ್ತಿದ್ದಳು. ಅಂದೂ ಇದೇ ಸಾರು. ಡೇನ್ ಸಂಜೆಗೆ ಬರುವೆನೆಂದು ಹೇಳಿ ಹೋಗಿದ್ದರೂ ಮಧ್ಯಾಹ್ನದ ಮೇಜಿಗೆ ಅವಳು ಮೂರು ತಟ್ಟೆ ಇಟ್ಟಿದ್ದಳು. ತಾಯಿಯ ಕೈ, ಅಭ್ಯಾಸಬಲ ಎಂದುಕೊಂಡಿದ್ದ ಓರಿನ್. ಬೆಳಗ್ಗೆ ರೇಡಿಯೊದಲ್ಲಿ ಹಿಮ ಕುಸಿಯುವ ಎಚ್ಚರಿಕೆ ಬಂದಿತ್ತು. ಹೋಗಬೇಡವೆಂದು ಅವಳು ಮಗನನ್ನು ಅಂಗಲಾಚಿದ್ದಳು. ನಕ್ಕು ಮಾತು ತೇಲಿಸಿದವನು ಓರಿನ್: "ಇಪ್ಪತ್ಮೂರು ವರ್ಷದವನನ್ನ ಕಟ್ಟಿಹಾಕೋಕಾಗುತ್ತಾ? ಹೋಗ್ಲಿ ಬಿಡು. ಗಾಡಿ ನಾನೇ ನೋಡಿದ್ದೀನಿ." ಅವಳು ಶಾಲು ಹೊದ್ದು ಹೊರಗೆ ಹೋಗಿದ್ದಳು.

ಹಿಮ ಅಂದು ಕುಸಿಯಲೇ ಇಲ್ಲ.

ಓರಿನ್ ಒಳ್ಳೆಯ ಕೋಟು ತೊಟ್ಟು ಗುಂಡಿ ಹಾಕಿಕೊಂಡ.

"ಎಲ್ಲಿಗೆ?"

"ಸಭೆಗೆ. ಹಿಂದಿನಿಂದ ಆಡ್ಕೊಳ್ಳೋದನ್ನ ನಾನೇ ಮುಂದೆ ನಿಂತು ಹೇಳ್ತೀನಿ. ಬೋಲ್ಟು ಬಿಗಿಯೋದು ಮರೆತೆ, ನನ್ನ ಮಗನನ್ನ ನಾನೇ ಕೊಂದೆ ಅಂತ."

"ಬೇಡ. ನೀನು ಮರೆತಿಲ್ಲ."

"ಸಮಾಧಾನದ ಮಾತು ಬೇಡ, ಮಾರ್ಲಿಸ್."

"ನಾಲ್ಕನ್ನೂ ಬಿಗಿದಿದ್ದೆ ನೀನು."

"ನಿನಗೇನು ಗೊತ್ತು?" ಅವನ ದನಿ ಒಡೆಯಿತು. "ನಾನು ಬಿಗಿಯೋವಾಗ ನೀನು ಪಕ್ಕದಲ್ಲಿದ್ಯಾ?"

ಅವಳು ಒಲೆ ಆರಿಸಿದಳು. ಬಂದು ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

"ತುಂಬಾ ಬಿಗಿಯಾಗಿತ್ತು, ಓರಿನ್," ಎಂದಳು. "ಸಡಿಲ ಮಾಡೋಕೆ ನನಗೆ ಎರಡೂ ಕೈ ಬೇಕಾಯ್ತು. ಬೆಟ್ಟದ ಬುಡದಲ್ಲೇ ಗಾಡಿ ಕುಲುಕುತ್ತೆ, ಊಟದ ಹೊತ್ತಿಗೆ ಮಗ ಮನೆಗೆ ಬರ್ತಾನೆ ಅಂದ್ಕೊಂಡಿದ್ದೆ."