ಹಿಪ್ಪುನೇರಳೆ ತೋಟಕ್ಕೆ ಇಳಿದ ಗ್ಲೈಡರ್

ಮಗಳು ಉಗುರುಬಣ್ಣದ ಬಾಟಲಿ ತೆರೆದಾಗಲೆಲ್ಲ ನನಗೆ ಬಿಡದಿ ಹತ್ತಿರದ ತಾತನ ಹಿಪ್ಪುನೇರಳೆ ತೋಟ, ಆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಯುಗಾದಿ ಕಳೆದಿತ್ತು. ಬಿಸಿಲೇರಿದರೆ ಸಾಕು, ಗುಡ್ಡದಾಚೆಯ ಗ್ಲೈಡಿಂಗ್ ಕ್ಲಬ್ಬಿನಿಂದ ಬಿಳಿ ಗ್ಲೈಡರುಗಳು ಸದ್ದಿಲ್ಲದೆ ಮೇಲೇರುತ್ತಿದ್ದವು. ಹೊಸ ಫ್ಯಾಕ್ಟರಿಗೆ ಜಮೀನು ಅಳೆಯಲು ಬರುತ್ತಾರೆಂಬ ಸುದ್ದಿ ಕೇಳಿ ತಾತ ಮಚ್ಚು ಹಿಡಿದೇ ತೋಟ ಕಾಯುತ್ತಿದ್ದರು. ಅಂದು ಒಂದು ಗ್ಲೈಡರ್ ತಗ್ಗುತ್ತಾ ತಗ್ಗುತ್ತಾ ಬಂದು, ರೇಷ್ಮೆಹುಳುಗಳಿಗೆಂದು ಉಳಿಸಿದ್ದ ಸೊಪ್ಪನ್ನೆಲ್ಲ ಸೀಳಿಕೊಂಡು ನಿಂತಿತು.

"ಮೇಲಿಂದ ಅಳ್ಯಾಕ್ ಬಂದ್ಯೇನ್ಲಾ?" ಎನ್ನುತ್ತಾ ತಾತ, ಅದರಿಂದ ಇಳಿದ ಯುವಕನ ಹಣೆಗೆ ಮಚ್ಚಿನ ಹಿಡಿಯಿಂದ ಬಾರಿಸಿದರು. ರಕ್ತ ಅವನ ಬಿಳಿ ಕಾಲರಿನ ಹೊಲಿಗೆಗುಂಟ ಹರಿಯಿತು.

"ಇಲ್ಲ ತಾತ, ಗಾಳಿ ಸಿಗಲಿಲ್ಲ, ಇಳಿದುಬಿಟ್ಟೆ. ಇದಕ್ಕೆ ಇಂಜಿನ್ನೇ ಇಲ್ಲ."

"ಇಂಜಿನ್ ಇಲ್ದೆ ಹಾರ್ತದಾ? ಯಾರ್ ಕಿವೀಗ್ ಹೂ ಮಡಗ್ತೀಯ?"

ತಾತ ರೆಕ್ಕೆಯನ್ನೇ ಕೊಚ್ಚತೊಡಗಿದರು. ರೆಕ್ಕೆಗೆ ಹೊದಿಸಿದ್ದ ಬಟ್ಟೆ ಪರ್ರನೆ ಹರಿದಂತೆಲ್ಲ ಅದಕ್ಕೆ ಬಳಿದಿದ್ದ ಬಣ್ಣ ಉಗುರುಬಣ್ಣದಂತೆ ಘಾಟು ಹೊಡೆಯುತ್ತಿತ್ತು. ತಾತನ ಹಿಂದೆಯೇ ಓಡಿಬಂದಿದ್ದ ಪುಟ್ಟ ನಾನು ಕಿವಿ ಮುಚ್ಚಿಕೊಂಡು ಅಳುತ್ತಿದ್ದೆ. ರೆಕ್ಕೆಯೊಳಗೆ ಇದ್ದದ್ದು ತೆಳ್ಳನೆಯ ಮರದ ಪಟ್ಟಿಗಳು ಮಾತ್ರ. ನಮ್ಮ ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಷ್ಟೇ ನಾಜೂಕು.

ತಾತನ ಕೈ ನಿಂತಿತು. ಹೆಗಲ ಟವಲನ್ನು ಅವನ ಹಣೆಗೆ ಒತ್ತಿ, "ಒಸಿ ಅದುಮಿ ಹಿಡ್ಕೊ ಮಗ" ಎಂದರು.

ಅಂದೇ ಮಚ್ಚು ಅಟ್ಟ ಸೇರಿತು; ತಾತ ಮತ್ತೆ ಅದನ್ನು ಕೆಳಗಿಳಿಸಲಿಲ್ಲ. ಮರುವರ್ಷ ಫ್ಯಾಕ್ಟರಿಗೆ ಜಮೀನು ಅಳೆಯುವವರು ನಿಜವಾಗಿಯೂ ಜೀಪಿನಲ್ಲಿ ಬಂದರು. "ಯಜಮಾನ್ರೇ, ಟೇಪಿನ ಈ ತುದಿ ಹಿಡ್ಕೊಳ್ಳಿ" ಎಂದರು. ತಾತ ಹಿಡಿದುಕೊಂಡರು.