ಹೊಳೆ ದಾಟಿದ ನೀಲಿ ಜೇನು

ಕುಂಬಳದ ಹೂ ನಸುಕಿನಲ್ಲಿ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ನಿಜದ ಜೇನು ಅಳಿದ ಮೇಲೆ, ಅಷ್ಟರೊಳಗೆ ಕಂಪನಿಯ ಯಂತ್ರದ ಜೇನು ಬಂದು ಕೂರದಿದ್ದರೆ ಕಾಯಿ ಕಚ್ಚುವುದಿಲ್ಲ. ಹೊಳೆಯ ಈಚೆ ಕೆಂಪು ಕಂಪನಿ, ಆಚೆ ನೀಲಿ ಕಂಪನಿ. ನೀಲಿ ಜೇನು ಹೊಳೆ ದಾಟುತ್ತಿರಲಿಲ್ಲ; ಕೇಳುವವರಿಲ್ಲದ ಕೆಂಪು ಜೇನು ಮನಸ್ಸು ಬಂದಾಗ ಬರುತ್ತಿತ್ತು.

ನಿಂಬೆವ್ವ ಬದುವಿನ ಮೇಲೆ ಕೂತು ಹೂಗಳನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ, ಕಂಪನಿಗಳ ಪೈಪೋಟಿ ನ್ಯಾಯವಾಗಿರಬೇಕೆನ್ನುವ ಸ್ಪರ್ಧಾ ಕಾನೂನು ಓದುವ ಸೊಸೆ ಗುರುಬಾಯಿ. ಅವಳ ಆನ್‌ಲೈನ್ ತರಗತಿಯ ಕೆನ್ಯಾ, ಬ್ರೆಜಿಲಿನ ಗೆಳತಿಯರ ಊರಲ್ಲೂ ಇವೇ ಎರಡು ಕಂಪನಿ, ನಡುವೆ ಒಂದು ಹೊಳೆ. ಮೂವರೂ ಕೂಡಿ ದೂರು ಕೊಟ್ಟಿದ್ದರು. ಕಂಪನಿಗಳು ಹೀಗೆ ಊರು ಹಂಚಿಕೊಳ್ಳುವ ಒಳಒಪ್ಪಂದ ಇನ್ನು ನಡೆಯದೆಂದು ಮೂರೂ ದೇಶಗಳ ಸ್ಪರ್ಧಾ ಆಯೋಗಗಳು ನಿನ್ನೆ ಒಟ್ಟಿಗೆ ಹೇಳಿದ್ದವು.

“ಹೊಳಿ ದಾಟಿ ಬರ್ತಾವೇನ ಗುರುಬಾಯಿ?”

“ನಿನ್ನಿನೇ ನೀಲಿಯವರಿಗೆ ಹೇಳೀನ್ರಿ ಅತ್ತಿ. ಒಲ್ಲೆ ಅನ್ನಾಕ ಈಗ ಅವರಿಗೆ ನೆವ ಇಲ್ಲ.”

“ಕಾನೂನು ನಿನಗ ಗೊತ್ತೈತವ್ವ, ಜೇನಿಗೆ ಗೊತ್ತಾಗಬೇಕಲ್ಲ.”

ಬಿಸಿಲು ಹೊಲಕ್ಕಿಳಿಯಿತು. ಹೂವಿನ ಅಂಚುಗಳು ಬಾಗತೊಡಗಿದವು. ಆಗ ಹೊಳೆಯಾಚೆಯಿಂದ ಗುಂಯ್‌ಗುಡುತ್ತಾ ನೀಲಿ ಜೇನು ಬಂದು ಹೂಗಳತ್ತ ಇಳಿಯತೊಡಗಿದವು. ಅವು ಕೂರುವ ಮೊದಲೇ ಅತ್ತೆ-ಸೊಸೆಯ ಬೆನ್ನ ಹಿಂದಿನಿಂದ ಕೆಂಪು ಜೇನಿನ ಹಿಂಡೂ ಧಾವಿಸಿ ಬಂದಿತು. ಒಂದೇ ಹೂವಿನೊಳಗೆ ನೀಲಿಯೊಂದು, ಕೆಂಪೊಂದು ನುಗ್ಗಾಡಿದವು.

ನಿಂಬೆವ್ವ ಬಾಯಿಗೆ ಸೆರಗು ಹಿಡಿದು ಮೈ ಕುಲುಕುವಂತೆ ನಕ್ಕಳು.

“ಸಾವಕಾಶರೋ ಯಪ್ಪಾ, ಹೂ ಹರಿದೀರಿ.”