ಅಪಿಯಾದಲ್ಲೋ, ಆಕ್ಲೆಂಡಿನಲ್ಲೋ

"ಆ ದುಡ್ಡನ್ನ ಇಲ್ಲಿಗೇ ತಂದ್ಬಿಡು ಅಕ್ಕ," ಎಂದ ತವಿತ, ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಸಿಯೆನಿಯ ತಟ್ಟೆಗೆ ಇನ್ನಷ್ಟು ಹಾಕುತ್ತಾ. "ಅಪಿಯಾದ ಬ್ಯಾಂಕೂ ಬ್ಯಾಂಕೇ. ನಿನ್ ಹತ್ರ ಎರಡೂ ದೇಶದ ಪಾಸ್‌ಪೋರ್ಟ್ ಇದೆ. ಯಾರು ಬೇಡ ಅಂತಾರೆ?"

ಸಮೋವಾದ ಈ ಊರಿಗೆ ಬಂದಾಗಿನಿಂದ ಇದೇ ರಾಗ. ಸಿಯೆನಿ ತಮ್ಮನ ಮುಖ ನೋಡಲಿಲ್ಲ. ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸಿ, ರೋಗಿಗಳ ಮೈ ಒರೆಸಿ ಕೂಡಿಟ್ಟ ಹಣ ಅದು. ಈಗ ಅವಳದೇ ಶ್ವಾಸಕೋಶ ಕೈಕೊಟ್ಟಿತ್ತು. ವರ್ಷ ತುಂಬುವ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ಔಷಧಿಗೆ, ಕೊನೆಯವರೆಗೆ ನೋಡಿಕೊಳ್ಳುವ ಒಬ್ಬ ನರ್ಸಿಗೆ ಸಾಲುವಷ್ಟಿತ್ತು. ಯಾರ ಹಂಗೂ ಇಲ್ಲದೆ ಹೋಗಬೇಕು, ಅಷ್ಟೇ ಆಸೆ.

"ಸಮೋವಾದಲ್ಲಿ ಇಟ್ಟೆಯೋ, ಮುಗೀತು," ಎಂದು ಮಗಳು ರೂತಾ ಆಕ್ಲೆಂಡಿನಿಂದ ಫೋನಿನಲ್ಲಿ ಎಚ್ಚರಿಸಿದ್ದಳು. "ಬ್ಯಾಂಕಿನ ಕೌಂಟರಲ್ಲಿ ಕೂತಿರೋಳೇ ನಿನ್ನ ಚಿಕ್ಕಮ್ಮನ ಮೊಮ್ಮಗಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಒಂದು ಮದುವೆ, ಒಂದು ಸಾವು, ಚರ್ಚಿನ ಚಾವಣಿ. ಕೇಳಿದ ನೆಂಟರಿಗೆ ಇಲ್ಲ ಅನ್ನೋಕೆ ನಿಂಗೆ ಬಾಯಿ ಬರುತ್ತಾ ಅಮ್ಮ?"

ಬರುತ್ತಿರಲಿಲ್ಲ. ಈ ಊರಲ್ಲಿ ಯಾರಿಗೂ ಬರುವುದಿಲ್ಲ.

ವಾಪಸು ಟಿಕೆಟ್ಟಿನ ಮಾತೆತ್ತಿದರೆ ತವಿತನಿಗೆ ಕಿವಿ ಕೇಳಿಸುತ್ತಿರಲಿಲ್ಲ. "ತೇವ ತಾಗುತ್ತೆ" ಎಂದು ಅವಳ ಪಾಸ್‌ಪೋರ್ಟುಗಳನ್ನು ಪಾದ್ರಿಗಳ ಕಬ್ಬಿಣದ ಪೆಟ್ಟಿಗೆಗೆ ಸೇರಿಸಿದ್ದ. ಸಂಜೆಯಾದರೆ ನೆಂಟರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ದುಡ್ಡಿನ ಸುದ್ದಿ ಮಾತ್ರ ಅವರು ಎತ್ತುತ್ತಿರಲಿಲ್ಲ. "ಕೆಮ್ಮು ಹೇಗಿದೆಯಮ್ಮ? ಊಟ ಸೇರ್ತಾ ಇದೆಯಾ?" ಆ ನಯವೇ ಅವಳ ಕತ್ತು ಹಿಸುಕುತ್ತಿತ್ತು.

ಉಸಿರು ಕಟ್ಟಿದಂತಾದಾಗ ಪಕ್ಕದ ಅಂಗಳಕ್ಕೆ ನಡೆಯುತ್ತಿದ್ದಳು. ನಡುವೆ ಬೇಲಿಯಿಲ್ಲ. ತವಿತನ ಮನೆಯಿದ್ದ ನೆಲವೂ ತಮ್ಮದೇ ಎಂದು ಅಲ್ಲಿದ್ದ ದೊಡ್ಡಪ್ಪನ ಮಕ್ಕಳು ಕೋರ್ಟಿಗೆ ಹೋಗಿದ್ದರು. ಹಾಗೆಂದು ಮಾತು ಬಿಟ್ಟಿರಲಿಲ್ಲ. ಆವತ್ತು ಅವರ ಮನೆಯ ಸೊಸೆ ಫೆತು, ಬಾಗಿಲೆದುರಿನ ಅತ್ತೆ ಮಾವನ ಸಮಾಧಿಯ ಮೇಲೆ ಕೂತು ಬಟ್ಟೆ ಮಡಚುತ್ತಿದ್ದವಳು ಸರಿದು ಜಾಗ ಕೊಟ್ಟಳು.

"ಬಾ ಅತ್ತಿಗೆ, ಕೂತ್ಕೋ. ಇವರು ಇಲ್ಲಿ ಮಲಗಿರೋವರೆಗೆ ಈ ನೆಲದಿಂದ ನಮ್ಮನ್ನ ಯಾರೂ ಎಬ್ಬಿಸಲ್ಲ. ನಿಮ್ಮ ಅಂಗಳ ನೋಡಿದ್ರೆ ಬೋಳು ಬೋಳು. ಅಪ್ಪ ಅಮ್ಮನ್ನ ಆಕ್ಲೆಂಡಲ್ಲೇ ಮಣ್ಣು ಮಾಡಿಬಿಟ್ರಿ."

"ಶವದ ಪೆಟ್ಟಿಗೆ ತರೋಕೆ ವಿಮಾನದವರು ಎಷ್ಟು ಕೇಳಿದ್ರು ಗೊತ್ತಾ ನಿಂಗೆ?"

"ಗೊತ್ತು ಬಿಡು. ಹಾಗೆ ಉಳಿಸಿದ್ದು ಎಷ್ಟಕ್ಕೆ ಬಂತು ಅಂತ ತವಿತನಿಗೂ ಈಗ ಗೊತ್ತಾಗ್ತಿದೆ." ಫೆತು ನಕ್ಕಳು. ಸಿಯೆನಿಯೂ ನಕ್ಕು, ಕೆಮ್ಮಿದಳು. ದುಡ್ಡಿನ ಮಾತು ಇಲ್ಲಿಯೂ ತಪ್ಪಲಿಲ್ಲವಲ್ಲ ಎನಿಸಿತು.

ಭಾನುವಾರ ಚರ್ಚು ಮುಗಿದು ಊಟಕ್ಕೆ ಎಲ್ಲರೂ ಬಿಳಿ ಬಟ್ಟೆಯಲ್ಲೇ ಸೇರಿದ್ದರು. ಸಿಯೆನಿ ತಟ್ಟೆ ಸರಿಸಿದಳು. ಬಿಡುಗಡೆಗೂ ಬೆಲೆ ಇರುತ್ತದೆ, ಕೊಟ್ಟುಬಿಟ್ಟರಾಯಿತು. ನರ್ಸು ಬೇಡ. ಮಗಳಿಗೆ ಭಾರವಾದರೂ ಸರಿ, ಈ ಮನೆಯಿಂದ ಹೊರಬಿದ್ದರೆ ಸಾಕು.

"ತವಿತ, ನಾಳೆ ಬ್ಯಾಂಕಿಗೆ ಹೋಗೋಣ. ಇರೋದನ್ನೆಲ್ಲ ಇಲ್ಲಿಗೆ ತರಿಸಿ ನಿನ್ನ ಹೆಸರಿಗೇ ಹಾಕ್ತೀನಿ. ನನ್ನ ಪಾಸ್‌ಪೋರ್ಟ್ ಕೊಟ್ಬಿಡು. ನಾನು ರೂತಾ ಹತ್ರ ಹೋಗ್ತೀನಿ."

ಯಾರ ಮುಖವೂ ಅರಳಲಿಲ್ಲ. ತವಿತ ಮೊಣಕಾಲೂರಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ದುಡ್ಡು ಯಾರಿಗೆ ಬೇಕು ಅಕ್ಕ? ದುಡ್ಡು ಇದ್ದ ಕಡೆ ನೀನೂ ಉಳೀತೀಯ ಅಂತ ಹಾಗಂದೆ."

"ಉಳಿದು ಏನು ಮಾಡಲಿ?"

"ಕ್ರಿಸ್‌ಮಸ್‌ಗೆ ಮುಂಚೆ ನೆಲದ ಕೇಸಿನ ಜಡ್ಜ್ ಬಂದು ನಮ್ಮ ಅಂಗಳದಲ್ಲಿ ನಿಂತು, ಈ ಮಣ್ಣಲ್ಲಿ ನಿಮ್ಮವರು ಯಾರು ಮಲಗಿದ್ದಾರೆ ಅಂತ ಕೇಳ್ತಾರೆ, ಆಗ ನಾವು ಯಾರನ್ನ ತೋರಿಸೋಣ, ನೀನೇ ಹೇಳು."